ರೋಬೋಟ್ ತೋಳು ಇಳಿಯುವ ಮುಂಚೆ: ದೀರ್ಘಕಾಲದ ಕಾಯಿಲೆ ಇರುವವರ ಸರ್ಜರಿಯಲ್ಲಿ ನರ್ಸ್ ಮಾಡಬೇಕಾದ್ದು, ಹಂತ ಹಂತವಾಗಿ

ರೋಬೋಟ್ ತೋಳುಗಳಿಂದ ಸರ್ಜರಿ ಮಾಡುವ ಆಪರೇಷನ್ ಥಿಯೇಟರ್‌ಗೆ, ಅಂದರೆ ರೋಬೋಟಿಕ್ ಓಟಿಗೆ, ಹೊಸದಾಗಿ ಬಂದ ನರ್ಸ್‌ಗಳ ಕಣ್ಣು ಮೊದಮೊದಲು ಯಂತ್ರದ ಮೇಲೇ ಇರುತ್ತದೆ. ಪ್ಲಾಸ್ಟಿಕ್ ಹೊದ್ದ ನಾಲ್ಕು ತೋಳು, ದೊಡ್ಡ ಪರದೆ, ನೆಲದ ತುಂಬ ಕೇಬಲ್, ಮೂಲೆಯಲ್ಲಿ ತೋಳುಗಳನ್ನು ಆಡಿಸುವ ಕನ್ಸೋಲ್‌ನಲ್ಲಿ ಮುಖ ಇಟ್ಟು ಕೂತ ಸರ್ಜನ್. ಇದನ್ನೆಲ್ಲ ಕಲಿಯಲೇಬೇಕು. ಆದರೆ ಕಲಿಸುವವರು ಹಲವು ಸಲ ಹೇಳದೆ ಬಿಡುವ ಮಾತೊಂದಿದೆ: ತೋಳುಗಳನ್ನು ರೋಗಿಯ ಹೊಟ್ಟೆಯ ಪೋರ್ಟ್‌ಗಳಿಗೆ (ಸಣ್ಣ ತೂತುಗಳಲ್ಲಿ ಕೂರಿಸಿದ ನಳಿಕೆಗಳಿಗೆ) ಜೋಡಿಸಿ ಆಯಿತೆಂದರೆ, ಅಂದರೆ ಡಾಕಿಂಗ್ ಮುಗಿಯಿತೆಂದರೆ, ಮುಂದಿನ ಎರಡು-ನಾಲ್ಕು ಗಂಟೆ ಆ ಮನುಷ್ಯನ ಕೈ, ಕಾಲು, ಮುಖ ಯಾವುದೂ ನಮಗೆ ಸುಲಭವಾಗಿ ಸಿಗುವುದಿಲ್ಲ. ಕೈಗಳು ಮೈಗೆ ಒತ್ತಿ ಡ್ರೇಪ್ (ಸ್ಟೆರೈಲ್ ಹೊದಿಕೆ) ಅಡಿಯಲ್ಲಿರುತ್ತವೆ, ತಲೆ ಕೆಳಗಿರುತ್ತದೆ, ಮೇಲೆ ಯಂತ್ರ ನಿಂತಿರುತ್ತದೆ.

ಆರೋಗ್ಯವಂತ ಯುವಕನಿಗೆ ಇದರಿಂದ ಅಷ್ಟು ತೊಂದರೆಯಾಗದಿರಬಹುದು. ಹದಿನೈದು ವರ್ಷದಿಂದ ಶುಗರ್ ಇರುವವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಉಬ್ಬಸ ಇರುವವರಿಗೆ ಇದೇ ದೊಡ್ಡ ಅಪಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆಯೆಂದು ಲೆಕ್ಕ ಹಾಕಿತ್ತು. ವಯಸ್ಕರಲ್ಲಿ ಮೂರರಲ್ಲೊಬ್ಬರಿಗೂ ಹೆಚ್ಚು ಜನರಿಗೆ ಬಿಪಿ. ಪ್ರಾಸ್ಟೇಟ್, ಕಿಡ್ನಿ, ಗರ್ಭಕೋಶ, ದೊಡ್ಡ ಕರುಳು ಎಂದು ರೋಬೋಟಿಕ್ ಸರ್ಜರಿಗೆ ಬರುವವರಲ್ಲಿ ಬಹಳ ಮಂದಿ ಐವತ್ತು ದಾಟಿದವರು. ಹಾಗಾಗಿ ಯಂತ್ರ ಬಲ್ಲ ನರ್ಸ್, ಕಾಯಿಲೆ ಬಲ್ಲ ನರ್ಸ್ ಎಂದು ಇಬ್ಬರನ್ನು ಬೇರೆ ಬೇರೆ ತಯಾರು ಮಾಡಿದರೆ ಸಾಲದು. ಎರಡೂ ಒಬ್ಬರಲ್ಲೇ ಇರಬೇಕು.

ವಿವರಿಸಲು ಸುಲಭವಾಗಲೆಂದು ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಅರವತ್ತನಾಲ್ಕು ವರ್ಷದ ರೈತರು. ಪ್ರಾಸ್ಟೇಟ್ ಕ್ಯಾನ್ಸರ್ ಆರಂಭದ ಹಂತದಲ್ಲೇ ಸಿಕ್ಕಿದೆ, ರೋಬೋಟಿಕ್ ಸರ್ಜರಿ ನಿಗದಿಯಾಗಿದೆ. ಹದಿನೈದು ವರ್ಷದ ಶುಗರ್, ಬಿಪಿ, ಪಾದದಲ್ಲಿ ಜೋಮು. ಯಜಮಾನರು ಎಂದೇ ಕರೆಯೋಣ.

ಹಂತ 1: ಅಡ್ಮಿಷನ್‌ಗೆ ಮುಂಚೆ, ಮಾತ್ರೆ ಚೀಲ ತೆರೆಸಿ ನೋಡಿ

ಪ್ರೀ-ಆಪರೇಟಿವ್ ಕ್ಲಿನಿಕ್‌ಗೆ ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಸ್ಟ್ರಿಪ್ ಸಮೇತ ತರಲು ಹೇಳಿ. "ಯಾವ ಮಾತ್ರೆ ತಗೋತೀರಾ?" ಎಂದು ಕೇಳಿದರೆ "ಶುಗರ್‌ದು ಒಂದು, ಬಿಪಿದು ಒಂದು" ಎಂಬ ಉತ್ತರವೇ ಬರುವುದು. ಆ "ಶುಗರ್‌ದು ಒಂದು" ಎಂಬುದರಲ್ಲಿ ಎರಡು ಮೂರು ಔಷಧಿ ಸೇರಿರಬಹುದು. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ.

ಅಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಹೆಸರುಗಳನ್ನು: ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್. ಪೇಟೆಂಟ್ ಮುಗಿದ ಮೇಲೆ ಡಪಾಗ್ಲಿಫ್ಲೋಜಿನ್ ನಮ್ಮಲ್ಲಿ ಹತ್ತಾರು ಬ್ರಾಂಡ್‌ಗಳಲ್ಲಿ, ಮೆಟ್‌ಫಾರ್ಮಿನ್ ಜೊತೆ, ಸಿಟಾಗ್ಲಿಪ್ಟಿನ್ ಜೊತೆ ಒಂದೇ ಮಾತ್ರೆಯಾಗಿ ಸಿಗುತ್ತಿದೆ. ಶುಗರ್ ಇಲ್ಲದಿದ್ದರೂ ಹೃದಯ ಸೋತವರಿಗೆ, ಕಿಡ್ನಿ ಕಾಯಿಲೆಯವರಿಗೆ ಇದನ್ನು ಬರೆಯುತ್ತಾರೆ. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಔಷಧಿಗಳು. ಉಪವಾಸ ಮತ್ತು ಸರ್ಜರಿಯ ಒತ್ತಡ ಸೇರಿದಾಗ ರಕ್ತದಲ್ಲಿ ಕೀಟೋನ್ ಏರಿ ಕೀಟೋಆಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ, ಆಗಬಹುದು, ಅದೂ ಶುಗರ್ 180-200ರ ಆಸುಪಾಸಿನಲ್ಲಿ ಇರುವಾಗಲೇ. ಗ್ಲೂಕೋಮೀಟರ್ ನೋಡಿದವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ಸರ್ಜರಿ ಆದ ಮೇಲೆ ವಾಂತಿ, ಹೊಟ್ಟೆ ನೋವು, ಏದುಸಿರು ಬಂದರೆ "ಅನಸ್ತೇಶಿಯಾದ್ದು, ಗ್ಯಾಸ್‌ದು" ಎಂದುಕೊಂಡು ಬಿಡುವ ಸಂಭವ ಹೆಚ್ಚು. ಆದ್ದರಿಂದ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಔಷಧಿಗಳನ್ನು ಸರ್ಜರಿಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸುವಂತೆ ಹೇಳಿತು (ಎರ್ಟುಗ್ಲಿಫ್ಲೋಜಿನ್ ಆದರೆ 4 ದಿನ). ಹಿಂದಿನ ಸಂಜೆ ಅಡ್ಮಿಟ್ ಆದ ಮೇಲೆ ಇದು ಗೊತ್ತಾದರೆ ತಡವಾಯಿತು. ಹಾಗೆ ತಡವಾಗಿ ಗೊತ್ತಾದರೂ ಮುಚ್ಚಿಡಬೇಡಿ, ಕೂಡಲೇ ಅನಸ್ತೇಟಿಸ್ಟ್‌ಗೆ (ಅರಿವಳಿಕೆ ಕೊಡುವ ಡಾಕ್ಟರಿಗೆ) ಫೋನ್ ಮಾಡಿ, ಕೇಸ್ ಶೀಟ್‌ನಲ್ಲಿ ಎದ್ದು ಕಾಣುವಂತೆ ಬರೆಯಿರಿ.

ಉಳಿದ ಔಷಧಿಗಳ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ: ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸಬಾರದು, ಸರ್ಜರಿ ದಿನ ಬೆಳಗ್ಗೆಯೂ ಒಂದು ಗುಟುಕು ನೀರಿನಲ್ಲಿ ಕೊಡುವುದು ರೂಢಿ. ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಯನ್ನು ಹಿಂದಿನ ದಿನ ನಿಲ್ಲಿಸಬೇಕೇ ಎಂಬುದು ಅನಸ್ತೇಟಿಸ್ಟ್ ನಿರ್ಧಾರ. ರಕ್ತ ತೆಳು ಮಾಡುವ ಮಾತ್ರೆ, ಅದರಲ್ಲೂ ಸ್ಟೆಂಟ್ ಹಾಕಿಸಿಕೊಂಡವರದ್ದು, ಹೃದ್ರೋಗ ತಜ್ಞರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಇನ್ಸುಲಿನ್ ಎಷ್ಟು ಯೂನಿಟ್ ಎಂಬ ಆದೇಶ ಬರಹದಲ್ಲಿರಲಿ, ಬಾಯಿಮಾತಿನಲ್ಲಿ ಬೇಡ. ನಾಟಿ ಔಷಧಿ, ಚೂರ್ಣ, ಕಷಾಯದ ವಿಷಯವನ್ನು ಜನ ತಾವಾಗಿ ಹೇಳುವುದಿಲ್ಲ. ಬೈಯುತ್ತಾರೆಂಬ ಅಂಜಿಕೆ. "ಜೊತೆಗೆ ಬೇರೆ ಏನಾದರೂ ಔಷಧಿ ನಡೀತಿದೆಯಾ? ಇದ್ರೆ ಹೇಳಿ, ತಪ್ಪೇನಿಲ್ಲ" ಎಂದು ಮೊದಲೇ ಧೈರ್ಯ ಕೊಟ್ಟು ಕೇಳಿ.

ಹಂತ 2: ರೋಗಿಯ ಮಾತು ರೋಗಿಯ ಬಾಯಿಂದಲೇ ಕೇಳಿ

ನಮ್ಮಲ್ಲಿ ಮಗ ಮಾತಾಡುತ್ತಾನೆ, ಅಳಿಯ ದುಡ್ಡು ಕಟ್ಟುತ್ತಾನೆ, ಸಹಿಯೂ ಬೇಗ ಆಗಿಹೋಗುತ್ತದೆ. ಯಜಮಾನರು ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾರೆ. ಮನೆಯವರನ್ನು ಗೌರವದಿಂದಲೇ ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಅವರೊಬ್ಬರ ಜೊತೆ ಮಾತಾಡಿ. ನನ್ನ ಮಟ್ಟಿಗೆ ಇಡೀ ಆರೈಕೆಯಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಹತ್ತು ನಿಮಿಷ ಇನ್ನೊಂದಿಲ್ಲ.

ಮೊದಲು ರೋಬೋಟ್ ಬಗ್ಗೆ ಅವರಿಗೆ ಏನನಿಸಿದೆ ಎಂದು ಕೇಳಿ. "ಯಂತ್ರವೇ ಕುಯ್ಯುತ್ತಂತೆ, ಕರೆಂಟ್ ಹೋದ್ರೆ?" ಎಂಬ ಭಯ ತುಂಬ ಜನರಲ್ಲಿದೆ. ಇನ್ನು ಕೆಲವರು "ಸಣ್ಣ ತೂತು ಅಷ್ಟೇ, ನಾಳಿದ್ದು ತೋಟಕ್ಕೆ ಹೋಗಬಹುದು" ಎಂದುಕೊಂಡಿರುತ್ತಾರೆ. ಎರಡಕ್ಕೂ ನೇರವಾಗಿ ಉತ್ತರ ಕೊಡಿ. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ. ಅದೇ ಕೋಣೆಯಲ್ಲಿ ಕೂತ ಡಾಕ್ಟರ ಬೆರಳು ಹೇಗೆ ಆಡುತ್ತದೋ ಒಳಗಿನ ಉಪಕರಣವೂ ಹಾಗೆಯೇ ಆಡುತ್ತದೆ. ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರು, ನರ್ಸ್ ನಿಂತೇ ಇರುತ್ತಾರೆ. ಕರೆಂಟ್ ಹೋದರೆ ಬ್ಯಾಟರಿ ಇದೆ, ಜನರೇಟರ್ ಇದೆ, ಯಂತ್ರ ತೆಗೆದು ಕೈಯಿಂದಲೇ ಮುಂದುವರಿಸುವ ಸಿದ್ಧತೆಯೂ ಇದೆ. ಹೊರಗಿನ ಗಾಯ ಸಣ್ಣದು ಎಂದ ಮಾತ್ರಕ್ಕೆ ಒಳಗಿನ ಆಪರೇಷನ್ ಸಣ್ಣದಲ್ಲ.

ಪ್ರಾಸ್ಟೇಟ್ ತೆಗೆದ ಮೇಲೆ ಕೆಲವು ತಿಂಗಳು ಮೂತ್ರ ಸೋರಬಹುದು, ಲೈಂಗಿಕ ಶಕ್ತಿಗೆ ತೊಂದರೆಯಾಗಬಹುದು. ಮಧುಮೇಹ ಇರುವವರಲ್ಲಿ ಎರಡನೆಯದು ಮೊದಲೇ ಶುರುವಾಗಿರುವುದೂ ಉಂಟು. ಈ ಮಾತನ್ನು ಸರ್ಜನ್ ಹೇಳಿರುತ್ತಾರೆ, ಯಜಮಾನರಿಗೆ ಅರ್ಥವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ಕೆಲಸ ನಮ್ಮದು. ಮುಜುಗರವಿದ್ದರೆ ಬ್ರದರ್ (ಗಂಡು ನರ್ಸ್) ಒಬ್ಬರು ಮಾತಾಡಲಿ.

ಆಮೇಲೆ ದಿನಚರಿ ಕೇಳಿ. ಏಳುವುದು ಎಷ್ಟಕ್ಕೆ, ಮೊದಲ ಊಟ ಯಾವಾಗ, ಮುದ್ದೆ ಎರಡು ಹೊತ್ತೋ ಒಂದು ಹೊತ್ತೋ, ಇನ್ಸುಲಿನ್ ಚುಚ್ಚುವವರು ಯಾರು, ಅದನ್ನು ಇಡಲು ಫ್ರಿಜ್ ಇದೆಯೇ, ಕಣ್ಣು ಕಾಣುತ್ತದೆಯೇ, ಮನೆಯ ಶೌಚಾಲಯ ಒಳಗೋ ಹೊರಗೋ. ಡಿಸ್ಚಾರ್ಜ್ ದಿನ ಹೇಳಬೇಕಾದ ಮಾತುಗಳೆಲ್ಲ ಈ ಉತ್ತರಗಳ ಮೇಲೆ ನಿಂತಿವೆ.

ಹಂತ 3: ಹಿಂದಿನ ಸಂಜೆ, ಈಗಿನ ಸ್ಥಿತಿ ಬರೆದಿಡಿ

ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ಯಜಮಾನರ ಎರಡೂ ಪಾದ ಮುಟ್ಟಿ ನೋಡಿ. ಜೋಮು ಎಲ್ಲಿಯವರೆಗೆ ಇದೆ, ಹಿಮ್ಮಡಿಯಲ್ಲಿ ಬಿರುಕು ಇದೆಯೇ, ಬೆರಳ ಸಂದಿಯಲ್ಲಿ ಗಾಯ ಇದೆಯೇ? ಪಾದ ಮೇಲೆತ್ತುವ ಶಕ್ತಿ, ಕೈ ಹಿಡಿತ, ಭುಜ ಎತ್ತುವುದು ಎರಡೂ ಕಡೆ ಸಮವಾಗಿದೆಯೇ? ಇದನ್ನೆಲ್ಲ ಬರೆದಿಡಿ. ಸರ್ಜರಿ ಆದ ಮೇಲೆ "ಕಾಲು ಜೋಮು ಹಿಡಿದಿದೆ" ಎಂದರೆ, ಅದು ಹಳೆಯದೋ ಓಟಿಯಲ್ಲಿ ನರ ಒತ್ತಿ ಆದದ್ದೋ ಎಂದು ಹೇಳಲು ಈ ಬರಹ ಬಿಟ್ಟರೆ ಬೇರೆ ದಾರಿಯಿಲ್ಲ.

ಗ್ಲಾಕೋಮಾ ಇದೆಯೇ, ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರೆಯೇ ಎಂದೂ ಕೇಳಿ. ಪ್ರಾಸ್ಟೇಟ್ ಸರ್ಜರಿಯಲ್ಲಿ ಟೇಬಲ್ಲಿನ ತಲೆಯ ಕಡೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಕೆಳಗಿರುತ್ತದೆ. ಆಗ ಕಣ್ಣಿನ ಒಳ ಒತ್ತಡ ಏರುತ್ತದೆ. ಗ್ಲಾಕೋಮಾ ಇರುವವರ ವಿಷಯ ತಂಡಕ್ಕೆ ಮೊದಲೇ ಗೊತ್ತಿರಬೇಕು. ಉಬ್ಬಸ, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರ ಬಗ್ಗೆಯೂ ಹಾಗೆಯೇ: ಹೊಟ್ಟೆಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ರಕ್ತಕ್ಕೂ ಸೇರುತ್ತದೆ, ಅದನ್ನು ಉಸಿರಿನಲ್ಲಿ ಹೊರಹಾಕಲು ಅವರ ಶ್ವಾಸಕೋಶಕ್ಕೆ ಕಷ್ಟ. ಅವರ ಇನ್ಹೇಲರ್ ಓಟಿಗೂ ಜೊತೆಗೆ ಬರಲಿ.

ಉಪವಾಸದ ನಿಯಮವನ್ನು ಗಡಿಯಾರ ತೋರಿಸಿ ಹೇಳಿ. ಲಘು ಆಹಾರಕ್ಕೆ 6 ಗಂಟೆ, ತಿಳಿಯಾದ ನೀರಿಗೆ 2 ಗಂಟೆ. "ಸಿಸ್ಟರ್, ಬೆಳಗ್ಗೆ ಒಂದೇ ಒಂದು ಲೋಟ ಕಾಫಿ?" ಎಂದು ಕೇಳೇ ಕೇಳುತ್ತಾರೆ. ಹಾಲು ಬೆರೆತದ್ದು ತಿಳಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಿ. ಶುಗರ್ ಇರುವವರ ಹೆಸರು ಓಟಿ ಪಟ್ಟಿಯಲ್ಲಿ ಮೊದಲನೆಯದಾಗಿರಲಿ ಎಂದು ಕೇಳಿಕೊಳ್ಳುವುದು ನರ್ಸ್ ಹಕ್ಕು. ಮಧ್ಯಾಹ್ನದವರೆಗೆ ಹಸಿದು ಕಾದವರ ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಅದರ ಹೊಣೆ ಪಟ್ಟಿ ಬರೆದವರ ಮೇಲೂ ಇರುತ್ತದೆ.

ಹಂತ 4: ಯಂತ್ರ ಸಿದ್ಧ ಮಾಡುವುದು

ರೋಗಿ ಒಳಬರುವ ಮುಂಚೆ ಯಂತ್ರ ಆನ್ ಆಗಿ, ಸ್ವಯಂ ಪರೀಕ್ಷೆ ಮುಗಿಸಿ, ಡ್ರೇಪ್ ಹೊದ್ದು ನಿಂತಿರಬೇಕು. ಎಲ್ಲ ಆಸ್ಪತ್ರೆಯಲ್ಲೂ ಒಂದೇ ಯಂತ್ರ ಇರುವುದಿಲ್ಲ ಎಂಬುದು ನೆನಪಿರಲಿ. 2000ದಲ್ಲಿ ಎಫ್‌ಡಿಎ ಒಪ್ಪಿಗೆ ಪಡೆದ ಡಾ ವಿಂಚಿಯ ಎಕ್ಸ್‌ಐ ಮಾದರಿಯಲ್ಲಿ ನಾಲ್ಕು ತೋಳೂ ಒಂದೇ ಗಾಡಿಯ ಮೇಲಿರುತ್ತವೆ. ವರ್ಸಿಯಸ್, ಹ್ಯೂಗೊ, ಗುರುಗ್ರಾಮದಲ್ಲಿ ತಯಾರಾಗುವ ಎಸ್‌ಎಸ್‌ಐ ಮಂತ್ರ ಇವುಗಳಲ್ಲಿ ಪ್ರತಿ ತೋಳಿಗೂ ಬೇರೆ ಗಾಡಿ. ಒಂದರಲ್ಲಿ ಪಳಗಿದವರು ಇನ್ನೊಂದರಲ್ಲಿ ಹೊಸಬರೇ. ಬೇರೆ ಆಸ್ಪತ್ರೆಗೆ ಸೇರಿದಾಗ ಅಲ್ಲಿನ ಯಂತ್ರದ ತರಬೇತಿ ಕೇಳಿ ಪಡೆಯಲು ಸಂಕೋಚ ಬೇಡ.

ಸ್ಟೆರೈಲ್ ಆಗಿ ನಿಂತು ಉಪಕರಣ ಕೊಡುವ ಸ್ಕ್ರಬ್ ನರ್ಸ್ ನೋಡಬೇಕಾದ್ದು: ಬಹುಪಾಲು ರೋಬೋಟಿಕ್ ಉಪಕರಣಗಳಿಗೆ ಇಂತಿಷ್ಟೇ ಬಳಕೆ ಎಂದು ಮಿತಿಯಿದೆ. ಎಷ್ಟು ಉಳಿದಿದೆ ನೋಡಿ, ಬದಲಿ ಉಪಕರಣ ಕೈಗೆಟುಕುವಲ್ಲಿಡಿ. ಕರೆಂಟ್ ಹರಿಸಿ ಕತ್ತರಿಸುವ ಮೋನೋಪೋಲಾರ್ ಕತ್ತರಿಯ ತುದಿಗವಸು ಪೂರ್ತಿ ಕೂತಿದೆಯೇ, ಎಲ್ಲಾದರೂ ಸೀಳಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಏಕೆಂದರೆ ಅಲ್ಲಿಂದ ಸೋರಿದ ಕರೆಂಟ್ ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ಕರುಳನ್ನು ಸುಡಬಹುದು. ಉಪಕರಣದ ದವಡೆ ಕೈಯಿಂದ ಬಿಡಿಸುವ ಕೀಲಿ ಸ್ಟೆರೈಲ್ ಆಗಿ ಟೇಬಲ್ ಮೇಲೇ ಇರಲಿ, ಕಪಾಟಿನಲ್ಲಿ ಬೇಡ. ಹೊಟ್ಟೆ ತೆರೆಯಬೇಕಾಗಿ ಬಂದರೆ ಬೇಕಾಗುವ ಟ್ರೇ ಓಟಿಯೊಳಗೇ ಇರಲಿ.

ಓಟಿಯಲ್ಲಿ ಓಡಾಡಿ ಹೊರಗಿನ ಕೆಲಸ ನೋಡುವ ಸರ್ಕ್ಯುಲೇಟಿಂಗ್ ನರ್ಸ್ ನೋಡಬೇಕಾದ್ದು: ಯಂತ್ರದ ಪ್ಲಗ್ ನೇರ ಗೋಡೆಗೆ, ಎಕ್ಸ್‌ಟೆನ್ಷನ್ ಬೋರ್ಡ್‌ಗಲ್ಲ. ಗಾಡಿ ಹಿಂದೆ ಸರಿಯಲು ದಾರಿ ಖಾಲಿ. ಸಿಲಿಂಡರಿನಲ್ಲಿ ಗ್ಯಾಸ್ ಸಾಕಷ್ಟು. ಪೇಸ್‌ಮೇಕರ್ ಇರುವ ರೋಗಿಯಾದರೆ ಅದರ ವಿವರ ಬೋರ್ಡ್ ಮೇಲೆ.

ಹಂತ 5: ಮಲಗಿಸುವುದು

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಹಂತವನ್ನು ಇಟ್ಟುಕೊಳ್ಳಿ.

ಎಚ್ಚರವಿರುವಾಗಲೇ ಯಜಮಾನರನ್ನು ಟೇಬಲ್ ಮೇಲೆ ಹೇಗೆ ಮಲಗಿದರೆ ಹಿತ ಎಂದು ಕೇಳಿ. ಭುಜ ನೋವು, ಮಂಡಿ ಮಡಚಲು ಆಗದಿರುವುದು, ಕುತ್ತಿಗೆ ಸೆಳೆತ ಆಗಲೇ ತಿಳಿಯುತ್ತದೆ. ಪ್ರಜ್ಞೆ ತಪ್ಪಿದ ಮೇಲೆ ಅವರ ಕಾಲನ್ನು ನಾವು ಎಲ್ಲಿಯವರೆಗೆ ಬೇಕಾದರೂ ಮಡಚಬಹುದು, ಅದೇ ಅಪಾಯ.

ತಲೆ ಕೆಳಗಾದಾಗ ಮೈ ಜಾರುತ್ತದೆ. ಜಾರಿದರೆ ಪೋರ್ಟ್ ಇರುವ ಜಾಗದಲ್ಲಿ ಹೊಟ್ಟೆಯ ಗೋಡೆ ಎಳೆಯುತ್ತದೆ, ಭುಜದ ನರಗಳ ಜಾಲವೂ ಎಳೆಯುತ್ತದೆ. ಜಾರದ ಫೋಮ್ ಹಾಸಿಗೆ ನೇರ ಚರ್ಮಕ್ಕೆ ತಾಗುವಂತಿರಲಿ, ನಡುವೆ ಬೆಡ್‌ಶೀಟ್ ಇಟ್ಟರೆ ಅದು ಕೆಲಸ ಮಾಡುವುದಿಲ್ಲ. ಭುಜಕ್ಕೆ ಗಟ್ಟಿ ಆನಿಕೆ ಕೊಟ್ಟು ತಡೆಯುವ ಹಳೆಯ ಪದ್ಧತಿಯಿಂದ ಅದೇ ನರಜಾಲಕ್ಕೆ ಪೆಟ್ಟಾಗುತ್ತದೆ. ಡ್ರೇಪ್ ಹಾಕುವ ಮುಂಚೆ ಒಮ್ಮೆ ಟೇಬಲ್ ಪೂರ್ತಿ ಓರೆ ಮಾಡಿಸಿ, ಕೆಲವು ನಿಮಿಷ ಬಿಟ್ಟು, ಮೈ ಸರಿದಿದೆಯೇ ನೋಡಿ. ತಂಡಕ್ಕೆ ಆತುರ ಇದ್ದರೂ ಇದನ್ನು ಮಾಡಿಸಿಯೇ ಮುಂದೆ ಹೋಗಿ.

ಜೋಮು ಹಿಡಿದ ಪಾದಕ್ಕೆ ರಕ್ತ ಓಡಾಟ ಮೊದಲೇ ಕಡಿಮೆ ಇರಬಹುದು. ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮೀನಖಂಡದ ಕೆಳಗೆ ಜೆಲ್ ಪ್ಯಾಡ್ ಕೊಡಿ. ಕಾಲು ಸ್ಟಿರಪ್‌ನಲ್ಲಿದ್ದರೆ (ಕಾಲು ಎತ್ತಿಡುವ ಆಸರೆ) ಮಂಡಿಯ ಹೊರಬದಿಯ ಮೂಳೆ ಕಂಬಿಗೆ ತಾಗದಿರಲಿ, ಅಲ್ಲಿ ಹಾದುಹೋಗುವ ನರ ಒತ್ತಿದರೆ ಪಾದ ಜೋತುಬೀಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕಾಲಿಗೆ ಕಟ್ಟುವ ಗಾಳಿ ಪಟ್ಟಿ ಆನ್ ಆಗಿದೆಯೇ? ಬರೀ ಕಟ್ಟಿ, ಟ್ಯೂಬ್ ಜೋಡಿಸದೆ ಬಿಡುವುದೂ ನಡೆಯುತ್ತದೆ.

ಕೈಗಳ ವಿಷಯ ಇನ್ನೂ ಗಂಭೀರ. ಡಯಾಲಿಸಿಸ್ ರೋಗಿಯಾದರೆ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿ ಇಲ್ಲ, ಸೂಜಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ರೋಬೋಟಿಕ್ ಸರ್ಜರಿಯಲ್ಲಿ ಅಷ್ಟೇ ಸಾಲದು. ಆ ಕೈಯನ್ನು ಮೈಗೆ ಬಿಗಿಯಾಗಿ ಸುತ್ತಿ ಗಂಟೆಗಟ್ಟಲೆ ಒತ್ತಿಟ್ಟರೆ ಫಿಸ್ಟುಲಾ ಮುಚ್ಚಿಹೋಗಬಹುದು, ಮುಂದಿನ ಡಯಾಲಿಸಿಸ್‌ಗೆ ದಾರಿಯೇ ಇಲ್ಲದಂತಾಗಬಹುದು. ಸುತ್ತಿದ ಮೇಲೆ ಬೆರಳಿಟ್ಟು ಆ ಝುಮ್ಮೆನ್ನುವ ಮಿಡಿತ ಸಿಗುತ್ತಿದೆಯೇ ನೋಡಿ, ಸಮಯ ಬರೆಯಿರಿ. ಸರ್ಜರಿ ನಡುವೆಯೂ ಡ್ರೇಪ್ ಅಡಿಯಿಂದ ಕೈ ತೂರಿಸಿ ನೋಡಲು ಆಗುವಂತೆ ಜಾಗ ಬಿಟ್ಟು ಸುತ್ತಿ.

ಡಾಕಿಂಗ್ ಆದ ಮೇಲೆ ಹೊಸ ಐವಿ ಹಾಕುವುದು ಬಹಳ ಕಷ್ಟ. ಆದ್ದರಿಂದ ಎರಡು ದಪ್ಪ ಕ್ಯಾನುಲಾ, ಉದ್ದನೆಯ ಎಕ್ಸ್‌ಟೆನ್ಷನ್, ಶುಗರ್ ನೋಡಲು ರಕ್ತ ಎಲ್ಲಿಂದ ತೆಗೆಯುವುದು ಎಂಬ ಒಪ್ಪಂದ, ಎಲ್ಲವೂ ಈಗಲೇ ಆಗಬೇಕು. ಕಣ್ಣಿಗೆ ಜೆಲ್ ಹಾಕಿ ಟೇಪ್ ಅಂಟಿಸಿ, ಮುಖದ ಮೇಲೆ ಫೋಮ್ ರಕ್ಷಣೆ ಇಡಿ, ಏಕೆಂದರೆ ಕ್ಯಾಮೆರಾ ತೋಳು ಕೆಳಗೆ ವಾಲಿದರೆ ಮುಖಕ್ಕೇ ತಾಗುವುದು.

ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಪಟ್ಟಿಯ ಟೈಮ್ ಔಟ್ (ಕುಯ್ಯುವ ಮುಂಚೆ ಎಲ್ಲರೂ ನಿಂತು ಖಚಿತಪಡಿಸಿಕೊಳ್ಳುವುದು) ಹೇಳುವಾಗ, ನಿಮ್ಮ ಓಟಿಯಲ್ಲಿ ಇನ್ನೂ ನಾಲ್ಕು ಮಾತು ಸೇರಿಸಿಕೊಳ್ಳಿ: ಈ ರೋಗಿಯ ದೀರ್ಘಕಾಲದ ಕಾಯಿಲೆಗಳು, ಕೊನೆಯ ಶುಗರ್ ಎಷ್ಟು ಗಂಟೆಗೆ ಎಷ್ಟಿತ್ತು, ಒತ್ತಡ ಬೀಳಬಾರದ ಅಂಗ ಯಾವುದು, ತುರ್ತಿನಲ್ಲಿ ಯಾರ ಕೆಲಸ ಏನು.

ಹಂತ 6: ಸರ್ಜರಿ ನಡೆಯುವಾಗ

ಹೊಟ್ಟೆಗೆ ಗ್ಯಾಸ್ ತುಂಬುವ ಮೊದಲ ನಿಮಿಷಗಳಲ್ಲಿ ಮಾನಿಟರ್ ಕಡೆ ಕಿವಿ ಇರಲಿ, ನಾಡಿ ಥಟ್ಟನೆ ಇಳಿಯಬಹುದು. ಗ್ಯಾಸ್ ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸ. ಹೃದಯ, ಶ್ವಾಸಕೋಶ ದುರ್ಬಲವಿರುವವರಿಗೆ ಇನ್ನೂ ಕಡಿಮೆ ಇಡಲು ಅನಸ್ತೇಟಿಸ್ಟ್ ಕೇಳಬಹುದು. ಆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ, ಸರ್ಜನ್ ಮರಳಿ ಹೇಳಿದ ಮೇಲಷ್ಟೇ ಬದಲಿಸಿ. ಕನ್ಸೋಲ್‌ನಲ್ಲಿರುವವರಿಗೆ ಕೋಣೆ ಕಾಣುವುದಿಲ್ಲ, ತಲೆಯಾಡಿಸಿದರೆ ತಿಳಿಯುವುದಿಲ್ಲ. ಪ್ರತಿ ಮಾತಿಗೂ ಮಾರುತ್ತರ ಬೇಕು: "ಎರಡನೇ ತೋಳು, ಕತ್ತರಿ ಹೊರಗೆ." "ಕತ್ತರಿ ಹೊರಗೆ, ಸರಿ."

ಉಪಕರಣ ಬದಲಿಸುವಾಗ ದವಡೆಯಲ್ಲಿ ಏನೂ ಹಿಡಿದಿಲ್ಲ ಎಂದು ಪರದೆಯಲ್ಲಿ ನೋಡಿಯೇ ತೆಗೆಯಿರಿ. ಸೂಜಿ ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಕೂಗಿ ಹೇಳಿ. ಡಾಕ್ ಆಗಿರುವಾಗ ಟೇಬಲ್ ರಿಮೋಟ್ ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಯಂತ್ರದ ಜೊತೆಗೇ ಚಲಿಸುವ ವಿಶೇಷ ಟೇಬಲ್ ಇದ್ದರೆ ಮಾತ್ರ ಅದಕ್ಕೆ ವಿನಾಯಿತಿ.

ಶುಗರ್ ಗಂಟೆಗೊಮ್ಮೆ ಅಥವಾ ಎರಡು ಗಂಟೆಗೊಮ್ಮೆ ನೋಡಿ, 100ರಿಂದ 180ರ ನಡುವೆ ಇರಲಿ ಎಂಬುದು ಈಗಿನ ಗುರಿ. ಪ್ರಜ್ಞೆ ಇಲ್ಲದವರಿಗೆ ಬೆವರು, ನಡುಕದ ದೂರು ಹೇಳಲು ಬಾಯಿಲ್ಲ, ಕಡಿಮೆ ಶುಗರ್ ಕಣ್ಣಿಗೆ ಬೀಳದೆ ಹೋಗುತ್ತದೆ. ಪ್ರಾಸ್ಟೇಟ್ ಸರ್ಜರಿಯಲ್ಲಿ ಮೂತ್ರನಾಳ ಮತ್ತೆ ಹೊಲಿಯುವವರೆಗೆ ಮೂತ್ರದ ಅಳತೆ ಸಿಗುವುದಿಲ್ಲ, ಡ್ರಿಪ್ ಕೂಡ ಹಿಡಿತದಲ್ಲಿ ಓಡುತ್ತದೆ. ಕಿಡ್ನಿ ದುರ್ಬಲವಿರುವವರಲ್ಲಿ ಒಳಹೋದ ನೀರಿನ ಲೆಕ್ಕ ಬಹಳ ಚೊಕ್ಕವಾಗಿರಲಿ.

ಹಂತ 7: ತುರ್ತಾಗಿ ಯಂತ್ರ ಬಿಡಿಸುವುದು

ಜೋರು ರಕ್ತಸ್ರಾವ, ಹೃದಯ ನಿಲ್ಲುವುದು, ಯಂತ್ರ ಕೆಟ್ಟು ನಿಲ್ಲುವುದು, ಈ ಮೂರಕ್ಕೂ ಸಿದ್ಧವಿರಬೇಕು. ಯಂತ್ರಕ್ಕೆ ತಕ್ಕಂತೆ ವಿವರ ಬದಲಾಗುತ್ತದೆ, ಕ್ರಮ ಹೆಚ್ಚು ಕಡಿಮೆ ಹೀಗೆ:

1. ಮೊದಲೇ ಒಪ್ಪಿಕೊಂಡ ಒಂದೇ ಪದವನ್ನು ಗಟ್ಟಿಯಾಗಿ ಕೂಗಬೇಕು. ಒಬ್ಬರು ಸಮಯ ಬರೆದುಕೊಳ್ಳಬೇಕು.
2. ಹೃದಯ ನಿಂತಿದ್ದರೆ ಮೊದಲ ಕೆಲಸ ಗ್ಯಾಸ್ ನಿಲ್ಲಿಸಿ ಹೊಟ್ಟೆಯೊಳಗಿನದನ್ನು ಹೊರಬಿಡುವುದು.
3. ದವಡೆ ತೆರೆದು, ಉಪಕರಣ ನೇರ ಮಾಡಿ ಹೊರತೆಗೆಯುವುದು. ಯಂತ್ರ ಸ್ಪಂದಿಸದಿದ್ದರೆ ಆ ಕೀಲಿಯಿಂದ ದವಡೆ ಬಿಡಿಸುವುದು. ಅಂಗಾಂಶ ಕಚ್ಚಿರುವಾಗ ಎಳೆಯಲೇಬಾರದು.
4. ರಕ್ತಸ್ರಾವವಾಗುತ್ತಿದ್ದರೆ, ರಕ್ತನಾಳ ಹಿಡಿದ ಉಪಕರಣವನ್ನು ಸರ್ಜನ್ ಹೇಳುವವರೆಗೆ ಮುಟ್ಟಬಾರದು. ಹೊಟ್ಟೆ ತೆರೆಯುವ ತಂಡ ಕೈ ತೊಳೆದು ಬರುವವರೆಗೆ ಜೀವ ಉಳಿಸುವುದು ಅದೇ.
5. ಕ್ಯಾಮೆರಾ ಕೊನೆಗೆ. ಆಮೇಲೆ ಪೋರ್ಟ್‌ಗಳಿಂದ ತೋಳು ಬಿಡಿಸಿ, ಮೇಲೆತ್ತಿ, ಗಾಡಿ ಹಿಂದೆ.
6. ಟೇಬಲ್ ಸಮತಟ್ಟು. ಎದೆ ಒತ್ತುವುದು ಅಥವಾ ಹೊಟ್ಟೆ ತೆರೆಯುವುದು.

ಇದನ್ನು ಓದಿದರೆ ಬರುವುದಿಲ್ಲ, ಕೈಯಿಂದ ಮಾಡಿದರೆ ಮಾತ್ರ ಬರುತ್ತದೆ. ಖಾಲಿ ಟೇಬಲ್ ಮೇಲೆ ಒಂದು ಮ್ಯಾನೆಕಿನ್ ಮಲಗಿಸಿ, ರಾತ್ರಿ ಪಾಳಿಯವರೂ ಸೇರಿ, ಗಡಿಯಾರ ಹಿಡಿದು ಅಭ್ಯಾಸ ಮಾಡಿ. ನನ್ನ ಅಭಿಪ್ರಾಯದಲ್ಲಿ ಈ ಅಭ್ಯಾಸ ಮಾಡದ ನರ್ಸ್‌ಗೆ ರೋಬೋಟಿಕ್ ಓಟಿಯ ಡ್ಯೂಟಿ ಹಾಕಬಾರದು. ಅಭ್ಯಾಸಕ್ಕೆ ಸಮಯ ಕೊಡದ ಆಡಳಿತ ಯಂತ್ರಕ್ಕೆ ಕೋಟಿ ಕೋಟಿ ಸುರಿದು ಫಲವಿಲ್ಲ.

ಹಂತ 8: ಮುಗಿದ ಮೇಲೆ ಓಟಿಯಿಂದ ರಿಕವರಿಗೆ

ಉಪಕರಣಗಳ ಸಣ್ಣ ಕೀಲುಗಳಲ್ಲಿ ರಕ್ತ ಒಣಗಲು ಬಿಡಬೇಡಿ. ತೆಗೆದ ಕೂಡಲೇ ಒದ್ದೆ ಇಟ್ಟು, ತಯಾರಕರು ಹೇಳಿದ ಕ್ರಮದಲ್ಲೇ ಒಳಗಿನ ನಳಿಕೆ ತೊಳೆದು, ಬ್ರಷ್ ಹಾಕಿ, ಸ್ಟೆರಿಲೈಜ್ ಮಾಡಬೇಕು. ಕ್ಯಾಮೆರಾ ಕಡ್ಡಿಗೆ ಬೇರೆಯದೇ ವಿಧಾನ, ಉಪಕರಣಗಳ ಜೊತೆ ಅಭ್ಯಾಸಬಲದಿಂದ ಆಟೋಕ್ಲೇವ್‌ಗೆ ಹಾಕಬೇಡಿ.

ಯಜಮಾನರ ಮುಖ, ಕಣ್ಣು ಊದಿಕೊಂಡಿದ್ದರೆ ಟ್ಯೂಬ್ ತೆಗೆಯುವ ಮುಂಚೆ ಅನಸ್ತೇಟಿಸ್ಟ್ ಗಮನಕ್ಕೆ ತನ್ನಿ, ಗಂಟಲೂ ಹಾಗೇ ಊದಿರಬಹುದು. ಮನೆಯವರು ನೋಡುವ ಮೊದಲು "ತಲೆ ಕೆಳಗಿಟ್ಟಿದ್ದರಿಂದ ಮುಖ ಸ್ವಲ್ಪ ಊದಿದೆ, ನಾಳೆಗೆ ಇಳಿಯುತ್ತೆ" ಎಂದು ಹೇಳಿ ಕರೆದೊಯ್ಯಿರಿ. ಕತ್ತು, ಎದೆಯ ಚರ್ಮ ಮುಟ್ಟಿದಾಗ ಅಡಿಯಲ್ಲಿ ಚರಚರ ಎನ್ನುತ್ತಿದ್ದರೆ ಗ್ಯಾಸ್ ಸೇರಿದೆ ಎಂದರ್ಥ, ತಿಳಿಸಿ.

ಹಿಂದಿನ ಸಂಜೆ ಬರೆದ ಹಾಳೆ ಈಗ ತೆಗೆಯಿರಿ. ಕೈ ಹಿಡಿತ, ಪಾದ ಎತ್ತುವುದು, ಜೋಮಿನ ಗಡಿ, ಹಿಮ್ಮಡಿ, ಬೆನ್ನಿನ ಚರ್ಮ ಒಂದೊಂದನ್ನೂ ಹೋಲಿಸಿ. ನಾಲ್ಕು ಗಂಟೆಗೂ ಹೆಚ್ಚು ಕಾಲು ಮೇಲಿದ್ದವರಲ್ಲಿ ಮೀನಖಂಡ ಕಲ್ಲಿನಂತೆ ಬಿಗಿದಿದೆಯೇ ಒತ್ತಿ ನೋಡಿ. ಶುಗರ್‌ನಿಂದ ನರ ಸೋತವರಿಗೆ ನೋವು ತಿಳಿಯದಿರಬಹುದು, ನಿಮ್ಮ ಕೈಯೇ ನೋಡಿ ಹೇಳಬೇಕು. ಮೊದಲು ಹೇಳಿದ 'ಗ್ಲಿಫ್ಲೋಜಿನ್' ಮಾತ್ರೆಯ ರೋಗಿಗೆ ವಾಂತಿ ನಿಲ್ಲದಿದ್ದರೆ ಶುಗರ್ ಎಷ್ಟೇ ಇರಲಿ, ಕೀಟೋನ್ ಪರೀಕ್ಷೆ ಮಾಡೋಣವೇ ಎಂದು ಡಾಕ್ಟರನ್ನು ಕೇಳಿ.

ಭುಜ ನೋವು ಎಂದರೆ ಬಹಳ ಸಲ ಒಳಗೆ ಉಳಿದ ಗ್ಯಾಸ್ ಕಾರಣ. ಆದರೂ ಶುಗರ್, ಬಿಪಿ ಇರುವವರಲ್ಲಿ ಇಸಿಜಿ ನೋಡದೆ "ಗ್ಯಾಸ್" ಎಂದು ಬರೆಯಬೇಡಿ.

ಹಂತ 9: ಮನೆಗೆ ಕಳಿಸುವಾಗ

ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷ್‌ನಲ್ಲಿರುತ್ತದೆ. ಅದರ ಜೊತೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದೇ ಹಾಳೆ ಕೊಡಿ: ಯಾವ ಮಾತ್ರೆ ಶುರು, ಯಾವುದು ನಿಂತಿದೆ, ನಿಂತದ್ದು ಮತ್ತೆ ಯಾವ ದಿನ, ಯಾರನ್ನು ಕೇಳಿ ಶುರು. ಹಳೆಯ ಸ್ಟ್ರಿಪ್ ಮನೆಯಲ್ಲೇ ಇರುತ್ತದೆ, ಹೇಳದಿದ್ದರೆ ಹೋದ ದಿನವೇ ನುಂಗುತ್ತಾರೆ.

ಊಟದ ಬಗ್ಗೆ "ಮೆತ್ತಗಿನ ಆಹಾರ" ಎಂದಷ್ಟೇ ಹೇಳಿದರೆ ಮನೆಯಲ್ಲಿ ಮೂರು ಹೊತ್ತೂ ಗಂಜಿ, ಹಣ್ಣಿನ ರಸ ಕೊಟ್ಟು ಶುಗರ್ ಏರಿಸುತ್ತಾರೆ. ಅವರ ಅಡುಗೆಯಲ್ಲೇ ದಾರಿ ತೋರಿಸಿ: ಗಂಜಿ ಕೊಡುವುದಾದರೆ ಅಳತೆಯಲ್ಲಿ, ಜೊತೆಗೆ ಬೇಯಿಸಿದ ಬೇಳೆ, ಸೊಪ್ಪು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಆಸ್ಪತ್ರೆಗೆ ನೋಡಲು ಬರುವವರೆಲ್ಲ ಎಳನೀರು ತರುತ್ತಾರೆ. ಕಿಡ್ನಿ ಕಾಯಿಲೆಯವರಿಗೆ ಅದರಲ್ಲಿನ ಪೊಟ್ಯಾಸಿಯಂ ಅಪಾಯ ಎಂದು ಮನೆಯವರಿಗೆ ಬಿಡಿಸಿ ಹೇಳಿ.

ಕ್ಯಾತಿಟರ್ (ಮೂತ್ರದ ಕೊಳವೆ) ಸಾಮಾನ್ಯವಾಗಿ ಏಳರಿಂದ ಹತ್ತು ದಿನ. ಚೀಲ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಕ್ಯಾತಿಟರ್ ತಾನಾಗಿ ಹೊರಬಂದರೆ ಊರಿನಲ್ಲಿ ಯಾರೂ ಹೊಸದು ಹಾಕಬಾರದು, ಒಳಗಿನ ಹೊಲಿಗೆ ಹರಿಯಬಹುದು, ನೇರ ನಮ್ಮಲ್ಲಿಗೇ ಬರಬೇಕು. ಮಲ ವಿಸರ್ಜನೆಗೆ ತಿಣುಕಬಾರದು, ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು. ಸರ್ಜನ್ ಹೇಳುವವರೆಗೆ, ಅಂದರೆ ನಾಲ್ಕರಿಂದ ಆರು ವಾರ, ನೀರಿನ ಕೊಡವಾಗಲಿ ಗೊಬ್ಬರದ ಚೀಲವಾಗಲಿ ಎತ್ತುವಂತಿಲ್ಲ. ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ಮನೆಯಲ್ಲಿ ಮುಂದುವರಿಯುವುದಾದರೆ ಚುಚ್ಚುವವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ.

"ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ "ಆಯ್ತು ಸಿಸ್ಟರ್" ಎನ್ನುತ್ತಾರೆ. "ನಾನು ಸರಿಯಾಗಿ ಹೇಳಿದ್ನಾ ಅಂತ ನೋಡ್ಬೇಕು ಯಜಮಾನ್ರೇ, ಚೀಲ ಹೇಗೆ ಖಾಲಿ ಮಾಡ್ತೀರಾ, ಒಮ್ಮೆ ತೋರಿಸಿ" ಎನ್ನಿ.

ಯಾವುದಕ್ಕೆ ಕೂಡಲೇ ಬರಬೇಕು ಎಂಬುದನ್ನು ಹಾಳೆಯ ಕೆಳಗೆ ಬರೆಯಿರಿ: ಜ್ವರ, ಹೊಟ್ಟೆ ಉಬ್ಬರ, ನಿಲ್ಲದ ವಾಂತಿ, ಒಂದು ಕಾಲು ಮಾತ್ರ ಊದಿ ನೋಯುವುದು, ಏದುಸಿರು, ಕ್ಯಾತಿಟರ್‌ನಲ್ಲಿ ಗಡ್ಡೆ ಗಡ್ಡೆ ರಕ್ತ ಅಥವಾ ಮೂತ್ರವೇ ಇಲ್ಲದಿರುವುದು, ಶುಗರ್ 70ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು.

ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳು ಸಿಗುವ ಜಾಗ ಯಾವುದು ಎಂದೂ ಗೊತ್ತುಮಾಡಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ ಇರಬಹುದು, ಪಟ್ಟಣದಲ್ಲಾದರೆ ನಮ್ಮ ಕ್ಲಿನಿಕ್ ಇರಬಹುದು, ಅಲ್ಲಿನ ಸಿಬ್ಬಂದಿಗೆ ಸರ್ಜರಿಯ ವಿವರ ಎರಡು ಸಾಲಿನಲ್ಲಿ ಬರೆದುಕೊಡಿ. ಮೂರನೇ ದಿನ ವಾರ್ಡ್‌ನಿಂದ ಒಂದು ಫೋನ್ ಹೋಗಲಿ. ಮೊದಲು ಯಜಮಾನರ ಜೊತೆ, ಆಮೇಲೆ ಅಡುಗೆ ಮಾಡುವವರ ಜೊತೆ ಮಾತಾಡಿ: ಇವತ್ತು ಬೆಳಗಿನ ಶುಗರ್ ಎಷ್ಟು, ಯಾವ ಯಾವ ಮಾತ್ರೆ ನುಂಗಿದ್ದಾರೆ, ಎಷ್ಟು ಸಲ ಎದ್ದು ನಡೆದಿದ್ದಾರೆ, ಪಾದ ನೋಡಿದ್ದೀರಾ. ಉತ್ತರವನ್ನು ರಿಜಿಸ್ಟರ್‌ನಲ್ಲಿ ಬರೆದು, ಒಂದೇ ಒಂದು ಅನುಮಾನ ಬಂದರೂ ಅದೇ ದಿನ ಸರ್ಜನ್‌ಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ.